ಐದು ಸೆಲ್, ಆರು ತಂತಿ

(ಬೆಳಗಾವಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ವಿದ್ಯುತ್ ಉಪಕರಣಗಳ ದುರಸ್ತಿ ಮಾಡುವವರು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಬಿಚ್ಚಿಟ್ಟಿರುವ ಈ ಬ್ಯಾಟರಿ ಪ್ಯಾಕ್ ಖಾನಾಪುರ ಕಡೆಯ ಒಬ್ಬ ಬಡಿಗರದು. ತಂತಿಯಿಲ್ಲದ ಡ್ರಿಲ್ಲಿನ ಪ್ಯಾಕ್. ಕರೆಂಟು ಇನ್ನೂ ಬಾರದ ಹೊಸ ಕಟ್ಟಡಗಳಲ್ಲಿ ಬಾಗಿಲ ಚೌಕಟ್ಟು ಕೂರಿಸುವುದು ಅವರ ಕೆಲಸ. ಹಾಗಾಗಿ ಈ ಪ್ಯಾಕ್ ನಡೆದರೆ ಅವತ್ತಿನ ಕೂಲಿ, ನಡೆಯದಿದ್ದರೆ ಕೂಲಿ ಇಲ್ಲ. ಅವರು ಅಂಗಡಿಗೆ ಬಂದು ಹೇಳಿದ್ದು ಇಷ್ಟೇ: "ಚಾರ್ಜರಿನಲ್ಲಿ ಹಸಿರು ದೀಪ ಬರುತ್ತದೆ, ಹತ್ತು ಸ್ಕ್ರೂ ಹಾಕುವಷ್ಟರಲ್ಲಿ ಡ್ರಿಲ್ ಸೋತು ನಿಲ್ಲುತ್ತದೆ."

ಪೂರ್ತಿ ಚಾರ್ಜ್ ಆದ ಮೇಲೆ ಪ್ಯಾಕಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದೆ. 20.85 ವೋಲ್ಟ್ ತೋರಿಸಿತು. ಒಳಗೆ ಐದು ಜೋಡಿ ಲಿಥಿಯಂ ಸೆಲ್‌ಗಳು ಸರಣಿಯಲ್ಲಿವೆ. ಜೋಡಿಯ ಎರಡು ಸೆಲ್ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿರುವುದರಿಂದ ವೋಲ್ಟಿನ ಲೆಕ್ಕದಲ್ಲಿ ಒಂದು ಜೋಡಿ ಒಂದೇ ಸೆಲ್ ಇದ್ದಂತೆ. ಒಂದೊಂದು ಜೋಡಿಗೆ 4.2 ವೋಲ್ಟ್ ಎಂದರೆ ಐದಕ್ಕೆ 21. ಆ ಲೆಕ್ಕದಲ್ಲಿ ಪ್ಯಾಕ್ ಗಟ್ಟಿಮುಟ್ಟಾಗಿದೆ. ಕವಚ ಬಿಚ್ಚಿ ಒಂದೊಂದೇ ಜೋಡಿಯನ್ನು ಅಳೆದಾಗ ಕಂಡ ಅಂಕಿಗಳು ಬೇರೆ: 4.32, 4.35, 4.30, 4.33, ಐದನೆಯದು 3.55. ಕೂಡಿ ನೋಡಿ, ಅದೇ 20.85 ಬರುತ್ತದೆ. ಐದನೆಯ ಜೋಡಿ ಹಿಂದುಳಿದಿದೆ, ಅದರ ಪಾಲನ್ನು ಉಳಿದ ನಾಲ್ಕರ ಮೇಲೆ ಹೇರಲಾಗಿದೆ. ಆ ನಾಲ್ಕೂ ಏರಬಾರದಷ್ಟು ಮೇಲೇರಿವೆ. ಆಮೇಲೆ ಡ್ರಿಲ್ಲನ್ನು ಸೋಲುವವರೆಗೆ ಓಡಿಸಿ ಮತ್ತೆ ಅಳೆದೆ: 3.62, 3.60, 3.63, 3.61, ಐದನೆಯದು 1.74. ಒಟ್ಟು 16.20 ವೋಲ್ಟ್. ಆ ಮೊತ್ತವನ್ನಷ್ಟೇ ನೋಡಿದವರು ಇದರಲ್ಲಿ ಇನ್ನೂ ಜೀವವಿದೆ, ಇನ್ನೊಂದಿಷ್ಟು ಓಡಿಸು ಎನ್ನುತ್ತಾರೆ. ಐದನೆಯ ಜೋಡಿ ಮಾತ್ರ ಅಷ್ಟರಲ್ಲಿ ಸತ್ತಿದೆ.

ಈ ಪ್ಯಾಕಿನಲ್ಲಿ ರಕ್ಷಣಾ ಬೋರ್ಡ್ ಇರಲಿಲ್ಲ. ನಾವು ಪೇಟೆಯಲ್ಲಿ ಬಿಎಂಎಸ್ (ಬ್ಯಾಟರಿ ಮ್ಯಾನೇಜ್ಮೆಂಟ್ ಸಿಸ್ಟಂ) ಎಂದು ಕೇಳುತ್ತೇವಲ್ಲ, ಆ ಬೆರಳಗಲದ ಹಸಿರು ಹಲಗೆ. ಇಂದು ನಾನು ಮಾತನಾಡುವುದು ಅದರ ಬಗ್ಗೆ. ಅದಕ್ಕಿಂತಲೂ ಹೆಚ್ಚಾಗಿ, ಆ ಹಲಗೆಯಿಂದ ಒಂದೊಂದು ಸೆಲ್ಲಿಗೂ ಹೋಗುವ ಆರು ತೆಳು ತಂತಿಗಳ ಬಗ್ಗೆ. ಬೋರ್ಡಿನ ಕಣ್ಣುಗಳೆಂದರೆ ಅವೇ.

ನನ್ನ ವಯಸ್ಸಿನ ಮೆಕ್ಯಾನಿಕರಿಗೆ ಮೊದಲು ಒಂದು ಮಾತು ಹೇಳಬೇಕು. ನಾವು ಕೆಲಸ ಕಲಿತದ್ದು ನಿಕಲ್ ಕ್ಯಾಡ್ಮಿಯಂ ಸೆಲ್‌ಗಳ ಮೇಲೆ. ಆ ಸೆಲ್ ತುಂಬಿದ ಮೇಲೂ ನಿಧಾನವಾಗಿ ಚಾರ್ಜ್ ಮಾಡುತ್ತ ಹೋದರೆ ಹೆಚ್ಚಿನ ಕರೆಂಟನ್ನು ಬಿಸಿಯಾಗಿ ಹೊರಹಾಕುತ್ತ ತಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಹಿಂದುಳಿದ ಸೆಲ್ ಬಂದು ಸೇರುತ್ತಿತ್ತು. ಐದು ಕೊಡಗಳನ್ನು ಒಂದೇ ಧಾರೆಯಲ್ಲಿ ನಲ್ಲಿಗೆ ಹಿಡಿದ ಹಾಗೆ: ತುಂಬಿದ ಕೊಡ ಚೆಲ್ಲುತ್ತಿರುತ್ತದೆ, ಸೋರುವ ಕೊಡ ತುಂಬುತ್ತಿರುತ್ತದೆ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ನಮಗೆ ಬಂದದ್ದು ಅಲ್ಲಿಂದ. ಲಿಥಿಯಂ ಸೆಲ್ಲಿಗೆ ಚೆಲ್ಲುವ ಬಾಯಿಯೇ ಇಲ್ಲ. 4.2 ದಾಟಿಸಿ ತುಂಬಿದರೆ ಒಳಗಿನ ದ್ರಾವಣ ಕೆಡುತ್ತದೆ, ಅನಿಲ ಹುಟ್ಟುತ್ತದೆ, ಋಣ ಫಲಕದ ಮೇಲೆ ಲಿಥಿಯಂ ಲೋಹವಾಗಿ ಕೂರುತ್ತದೆ. ಕೊನೆಗೆ ಬೆಂಕಿಯವರೆಗೂ ಹೋಗಬಹುದು. ಕೆಳಗಿನ ತುದಿಯಲ್ಲೂ ಅಷ್ಟೇ. ಸುಮಾರು 2 ವೋಲ್ಟಿಗಿಂತ ಕೆಳಗಿಳಿಸಿದರೆ ಒಳಗಿನ ತಾಮ್ರದ ಹಾಳೆ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಂದರಲ್ಲಿ ಹೋಗಿ ಕೂತು ಒಳಗೊಳಗೇ ಶಾರ್ಟ್ ಆಗುವ ದಾರಿ ಮಾಡುತ್ತದೆ. ಹಾಗೆ ಇಳಿದ ಸೆಲ್ಲಿಗೆ ಬೇರೊಂದು ಬ್ಯಾಟರಿಯಿಂದ ಒಂದು ನಿಮಿಷ ಕರೆಂಟು ಕೊಟ್ಟು ಎಬ್ಬಿಸುವವರನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಎಬ್ಬಿಸಬೇಡಿ. ಅದು ಎದ್ದಂತೆ ಕಾಣುತ್ತದೆ, ಯಾರದೋ ಮನೆಯ ಮಂಚದ ಕೆಳಗೆ ಚಾರ್ಜ್ ಆಗುವಾಗ ಉತ್ತರ ಕೊಡುತ್ತದೆ.

ಬೋರ್ಡ್ ಏನು ಮಾಡುತ್ತದೆ? ಪ್ರತಿಯೊಂದು ಸೆಲ್ಲಿನ ವೋಲ್ಟನ್ನು ಬೇರೆಬೇರೆಯಾಗಿ ನೋಡುತ್ತಿರುತ್ತದೆ. ಯಾವುದಾದರೂ ಒಂದು 4.25ರ ಆಸುಪಾಸಿಗೆ ಏರಿದರೆ ಚಾರ್ಜಿಂಗನ್ನು ಕಡಿಯುತ್ತದೆ. ಯಾವುದಾದರೂ ಒಂದು ಎರಡೂವರೆಯಿಂದ ಮೂರು ವೋಲ್ಟಿನ ನಡುವಿನ ಮಿತಿಗೆ ಇಳಿದರೆ ಡ್ರಿಲ್ಲಿಗೆ ಹೋಗುವ ಕರೆಂಟನ್ನು ಕಡಿಯುತ್ತದೆ. ನಿಖರವಾದ ಅಂಕಿ ಬೋರ್ಡಿನಿಂದ ಬೋರ್ಡಿಗೆ ಬೇರೆ. ಕರೆಂಟು ಮಿತಿ ಮೀರಿದರೂ, ಶಾರ್ಟ್ ಆದರೂ ಕಡಿಯುತ್ತದೆ. ಕಡಿಯುವ ಕೆಲಸ ಮಾಡುವುದು ಹಲಗೆಯ ಮೇಲೆ ಸಾಲಾಗಿ ಕೂತ ಈ ಕಪ್ಪು ಚೌಕಗಳು, ಮಾಸ್‌ಫೆಟ್‌ಗಳು. ನಾವು ಬಳಸುವ ಬೋರ್ಡುಗಳಲ್ಲಿ ಬಹುಪಾಲು ಇವು ಮೈನಸ್ ದಾರಿಯಲ್ಲಿ ಇರುತ್ತವೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಮೇಜಿಗೆ ಬಂದ ಪ್ಯಾಕ್‌ಗಳಲ್ಲಿ ನಾನು ಹೆಚ್ಚು ಸಲ ಕಂಡ ತಪ್ಪು ಇದೇ. ಹಲಗೆಯ ಮೇಲೆ 'ಬಿ ಮೈನಸ್' ಎಂದು ಒಂದು ಜಾಗ, 'ಪಿ ಮೈನಸ್' ಎಂದು ಇನ್ನೊಂದು ಜಾಗ ಇರುತ್ತದೆ. ಬಿ ಎಂದರೆ ಬ್ಯಾಟರಿಯ ಕಡೆ, ಪಿ ಎಂದರೆ ಪ್ಯಾಕಿನ ಹೊರಬಾಯಿಯ ಕಡೆ. ಮಾಸ್‌ಫೆಟ್‌ಗಳು ಈ ಎರಡರ ನಡುವೆ ಬಾಗಿಲಿನಂತೆ ನಿಂತಿರುತ್ತವೆ. ಸೆಲ್‌ಗಳ ಕೊನೆಯ ಮೈನಸ್ ಬಿ ಮೈನಸ್‌ಗೆ ಮಾತ್ರ ಬರಬೇಕು; ಡ್ರಿಲ್ಲಿಗೆ ಹೋಗುವ ಮೈನಸ್ ಪಿ ಮೈನಸ್‌ನಿಂದ ಮಾತ್ರ ಹೊರಡಬೇಕು. ಹಳೆಯ ಪ್ಯಾಕಿನಲ್ಲಿ ಸೆಲ್ಲಿನ ಮೈನಸ್‌ನಿಂದ ಹೊರಬಾಯಿಗೆ ನೇರವಾಗಿ ಒಂದು ಪಟ್ಟಿ ಹೋಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಬೋರ್ಡ್ ಸೇರಿಸಿದರೆ ಎಲ್ಲವೂ ಕೆಲಸ ಮಾಡುತ್ತದೆ, ಡ್ರಿಲ್ ಓಡುತ್ತದೆ, ಚಾರ್ಜೂ ಆಗುತ್ತದೆ. ಬೋರ್ಡ್ ಬಾಗಿಲು ಹಾಕಿದರೂ ಕರೆಂಟು ಹಿತ್ತಲಿನಿಂದ ಹೋಗಿಬಿಡುತ್ತದೆ. ಗಿರಾಕಿ ಹಣ ಕೊಟ್ಟು, ರಕ್ಷಣೆ ಇದೆ ಎಂದು ನಂಬಿ ಹೋಗಿರುತ್ತಾನೆ. ನನಗೆ ಹೊಟ್ಟೆ ಉರಿಯುವುದು ಇಂಥ ಕೆಲಸ ಕಂಡಾಗ.

ಎಲ್ಲ ಪ್ಯಾಕಿಗೂ ಬೋರ್ಡ್ ಹಾಕಬೇಕಿಲ್ಲ ಎಂಬುದೂ ಗೊತ್ತಿರಲಿ. ಕೆಲವು ಕಂಪನಿಗಳು ಕಾವಲಿನ ಕೆಲಸವನ್ನು ಹಂಚಿಟ್ಟಿರುತ್ತವೆ: ಮೇಲಿನ ಮಿತಿಯನ್ನು ಚಾರ್ಜರ್ ನೋಡುತ್ತದೆ, ಕೆಳಗಿನ ಮಿತಿಯನ್ನು ಡ್ರಿಲ್ ತಾನೇ ನೋಡುತ್ತದೆ. ಪ್ಯಾಕಿನಲ್ಲಿ ಪ್ಲಸ್ ಮೈನಸ್ ಬಿಟ್ಟು ಇನ್ನೂ ಮೂರು ನಾಲ್ಕು ಹಲ್ಲುಗಳಿದ್ದರೆ ಅವು ಸುಮ್ಮನೆ ಇರುವುದಿಲ್ಲ. ಒಂದು ಉಷ್ಣತೆ ಹೇಳುತ್ತದೆ, ಇನ್ನೊಂದು ಸೆಲ್ಲಿನ ಸುದ್ದಿ ಒಯ್ಯುತ್ತದೆ. ಅಂಥ ಪ್ಯಾಕಿನ ಮೂಲ ಹಲಗೆಯನ್ನು ಕಿತ್ತು ಪೇಟೆಯ ಬೋರ್ಡ್ ಹಾಕಿದರೆ ಚಾರ್ಜರ್ ಅದನ್ನು ಗುರುತಿಸದೇ ಹೋಗಬಹುದು. ನಾನು ಹೇಳುತ್ತಿರುವುದು ಇಂದು ನಮ್ಮ ಬಡಿಗರ, ಅಲ್ಯೂಮಿನಿಯಂ ಕಿಟಕಿ ಕೆಲಸದವರ ಕೈಯಲ್ಲಿರುವ ಅಗ್ಗದ ಪ್ಯಾಕ್‌ಗಳ ಬಗ್ಗೆ, ಮತ್ತು ನಾವೇ ಸೆಲ್ ಬದಲಿಸಿ ಹೊಸದಾಗಿ ಕಟ್ಟುವ ಪ್ಯಾಕ್‌ಗಳ ಬಗ್ಗೆ.

ಬೋರ್ಡ್ ಕೊಳ್ಳುವಾಗ ಸೆಲ್‌ಗಳ ಸರಣಿ ಎಷ್ಟೋ ಅಷ್ಟಕ್ಕೇ ಮಾಡಿದ ಬೋರ್ಡ್ ಬೇಕು. ಐದಕ್ಕೆ ಐದರದು, ಮೂರಕ್ಕೆ ಮೂರರದು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಸೆಲ್ಲಿನ ಬೋರ್ಡ್ ಬೇರೆ. ಆ ಸೆಲ್ ತುಂಬುವುದು 3.65 ವೋಲ್ಟಿಗೆ. ಅದರ ಬೋರ್ಡನ್ನು ಇದಕ್ಕೆ ಹಾಕಿದರೆ ಪ್ಯಾಕ್ ಅರ್ಧಕ್ಕೇ ನಿಲ್ಲುತ್ತದೆ. ಇದರ ಬೋರ್ಡನ್ನು ಅದಕ್ಕೆ ಹಾಕಿದರೆ ಕಾವಲೇ ಇರುವುದಿಲ್ಲ.

ಇನ್ನು ಆಂಪಿಯರ್. ಡ್ರಿಲ್ ಖಾಲಿ ತಿರುಗುವಾಗ ಕೆಲವೇ ಆಂಪಿಯರ್ ಎಳೆಯುತ್ತದೆ, ಸಾಗವಾನಿ ಹಲಗೆಯಲ್ಲಿ ಉದ್ದನೆಯ ಸ್ಕ್ರೂ ಇಳಿಸುವಾಗ ಇಪ್ಪತ್ತು ಮೂವತ್ತಕ್ಕೆ ಏರುತ್ತದೆ. ಬಿಟ್ ಸಿಕ್ಕಿಕೊಂಡು ಮೋಟಾರ್ ನಿಂತುಬಿಟ್ಟರೆ ಅರೆಕ್ಷಣಕ್ಕೆ ಅದರ ಎರಡು ಪಟ್ಟು ದಾಟುತ್ತದೆ. ಸಣ್ಣ ಬೋರ್ಡ್ ಹಾಕಿದರೆ ಗುಂಡಿ ಒತ್ತಿದ ಕೂಡಲೇ ಅದು ಬಾಗಿಲು ಹಾಕಿಕೊಳ್ಳುತ್ತದೆ. ಗಿರಾಕಿ ಬೋರ್ಡೇ ಸರಿಯಿಲ್ಲವೆಂದು ಕಿತ್ತುಹಾಕಿಸುತ್ತಾನೆ. ಹಲಗೆಯ ಮೇಲೆ 40 ಆಂಪಿಯರ್ ಎಂದು ಅಚ್ಚಾಗಿದ್ದರೂ ಅದನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಮಾಸ್‌ಫೆಟ್ ಎಷ್ಟಿವೆ, ತಾಮ್ರದ ದಾರಿ ಎಷ್ಟು ಅಗಲ, ಮೇಲೆ ಅಲ್ಯೂಮಿನಿಯಂ ಪಟ್ಟಿ ಇದೆಯೇ ಎಂದು ನೋಡುತ್ತೇನೆ. ಬಿ ಮೈನಸ್‌ನಿಂದ ಪಿ ಮೈನಸ್‌ವರೆಗೆ ಬರೀ 10 ಮಿಲಿಓಮ್ ತಡೆ ಇದೆ ಎಂದುಕೊಳ್ಳಿ. 30 ಆಂಪಿಯರ್ ಹರಿದಾಗ 9 ವಾಟ್ ಶಾಖ ಹುಟ್ಟುತ್ತದೆ. ಮನೆಯ ಒಂದು ಎಲ್‌ಇಡಿ ಬಲ್ಬ್ ಉಣ್ಣುವಷ್ಟು ಶಕ್ತಿ ಬೆರಳಗಲದ ಜಾಗದಲ್ಲಿ, ಸುತ್ತ ಪ್ಲಾಸ್ಟಿಕ್ ಗೋಡೆಯ ನಡುವೆ ಕೂಡುತ್ತದೆ. ಬೋರ್ಡನ್ನು ನೇರವಾಗಿ ಸೆಲ್‌ಗಳಿಗೆ ಅಂಟಿಸಬೇಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಸೆಲ್‌ಗಳ ಮಾತಿಗೆ ಬರೋಣ. ಇಂಥ ಸೆಲ್ಲಿಗೆ 18650 ಎಂದು ಹೆಸರು. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಹೆಸರಿಗೆ ಬೇರೆ ಅರ್ಥವಿಲ್ಲ. ಒಳಗೇನಿದೆ ಎಂಬುದನ್ನು ಅದು ಹೇಳುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ ಸೆಲ್ ಇದೇ ಗಾತ್ರದ್ದು, ಆದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಕೊಡಲು ಹುಟ್ಟಿದ ಸೆಲ್. ಡ್ರಿಲ್ಲಿಗೆ ಬೇಕಾದದ್ದು ಒಂದೊಂದೇ 20 ಆಂಪಿಯರ್ ಕೊಡಬಲ್ಲ ಸೆಲ್. ಅದರ ಸಾಮರ್ಥ್ಯ ಸಾಮಾನ್ಯವಾಗಿ 2000ದಿಂದ 3000 ಮಿಲಿಆಂಪಿಯರ್ ಗಂಟೆ ಇರುತ್ತದೆ. ಪೇಟೆಯಲ್ಲಿ 9900 ಎಂದು ಬರೆದ ಸೆಲ್ ಸಿಗುತ್ತದೆ. ಆ ಗಾತ್ರದಲ್ಲಿ ಅಷ್ಟು ಹಿಡಿಸುವುದೇ ಇಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ತೂಗಿ ನೋಡಿ. ಒಳ್ಳೆಯ 18650 ಹೆಚ್ಚುಕಡಿಮೆ 45 ಗ್ರಾಂ ತೂಗುತ್ತದೆ. ಮೂವತ್ತು ತೂಗಿದರೆ ಪಕ್ಕಕ್ಕಿಡಿ.

ಹತ್ತೂ ಸೆಲ್ ಒಂದೇ ಕಂಪನಿಯ, ಒಂದೇ ಮಾದರಿಯ ಹೊಸವು ಆಗಿರಲಿ. ಕೂಡಿಸುವ ಮೊದಲು ಎಲ್ಲವನ್ನೂ ಒಂದೇ ವೋಲ್ಟಿಗೆ ತನ್ನಿ. ಪ್ಲಸ್ ತುದಿಯನ್ನು ಹತ್ತಿರದಿಂದ ನೋಡಿ: ನಡುವಿನ ಗುಬುಟು ಮಾತ್ರ ಪ್ಲಸ್, ಅದರ ಸುತ್ತಲಿನ ಅಂಚಿನಿಂದ ಹಿಡಿದು ಇಡೀ ಡಬ್ಬಿ ಮೈನಸ್. ನಡುವೆ ಇರುವುದು ಕೂದಲಿನಷ್ಟು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಅದರ ಮೇಲೆ ಸೆಲ್ಲಿಗೆ ಸೆಲ್ ಕೂಡಿಸುವ ನಿಕಲ್ ಪಟ್ಟಿ ಹಾಯಿಸಿದರೆ ಡ್ರಿಲ್ಲಿನ ನಡುಕಕ್ಕೆ ಹೊದಿಕೆ ಸವೆದು ಒಂದು ದಿನ ಶಾರ್ಟ್ ಆಗುತ್ತದೆ. ಹಾಗಾಗಿ ಪ್ರತಿಯೊಂದು ಪ್ಲಸ್ ತುದಿಗೂ ಒಂದು ನಿರೋಧಕ ಕಾಗದದ ಉಂಗುರ ಹಾಕಬೇಕು. ಹತ್ತು ಉಂಗುರಕ್ಕೆ ಆಗುವ ಖರ್ಚು ಒಂದು ಕಪ್ ಚಹಾದಷ್ಟು. ಅದನ್ನು ಬಿಟ್ಟ ಕೆಲಸವನ್ನು ನಾನು ಕೆಲಸವೆಂದೇ ಎಣಿಸುವುದಿಲ್ಲ.

ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿ. ಸೆಲ್ಲಿನ ಮೇಲೆ ನೇರವಾಗಿ ಸೋಲ್ಡರಿಂಗ್ ಐರನ್ ಇಟ್ಟರೆ ಆ ಬಿಸಿ ಒಳಗಿನ ಪದರಗಳವರೆಗೆ ಇಳಿಯುತ್ತದೆ. ನಿಕಲ್ ಪಟ್ಟಿ ಎಂದು ಕೊಟ್ಟದ್ದು ನಿಜವಾಗಿ ನಿಕಲ್ಲೋ ನಿಕಲ್ ಬಳಿದ ಉಕ್ಕೋ ಎಂದು ತಿಳಿಯಲು ಅಯಸ್ಕಾಂತ ಸಾಲದು, ಎರಡೂ ಅಂಟುತ್ತವೆ. ಇಲ್ಲಿ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿದವರಿದ್ದೀರಿ. ಗ್ರೈಂಡರಿಗೆ ಹಿಡಿದು ಕಿಡಿ ನೋಡಿ ಲೋಹದ ಜಾತಿ ಹೇಳುವುದು ನಿಮಗೆ ಹೊಸದಲ್ಲ. ಪಟ್ಟಿಯ ತುದಿಯನ್ನು ಹಾಗೆಯೇ ಹಿಡಿಯಿರಿ. ಉಕ್ಕಾದರೆ ಕಿಡಿಯ ಜುಟ್ಟು ಹಾರುತ್ತದೆ, ಶುದ್ಧ ನಿಕಲ್ಲಾದರೆ ಕಿಡಿ ಬರುವುದೇ ಅಪರೂಪ. ಉಕ್ಕಿನ ತಡೆ ಹೆಚ್ಚು, ಆದ್ದರಿಂದ ಬಿಸಿಯೂ ಹೆಚ್ಚು. ನಮ್ಮ ಬೆಳಗಾವಿಯ ಮಳೆಗಾಲದ ತೇವಕ್ಕೆ ಅದು ತುಕ್ಕು ಬೇರೆ ಹಿಡಿಯುತ್ತದೆ.

ಈಗ ಆ ಆರು ತಂತಿಗಳು. ಮೊದಲನೆಯದು ಕೊನೆಯ ಮೈನಸ್‌ಗೆ. ಎರಡನೆಯದು ಮೊದಲ ಜೋಡಿಯ ಪ್ಲಸ್‌ಗೆ, ಮೂರನೆಯದು ಎರಡನೆಯ ಜೋಡಿಯ ಪ್ಲಸ್‌ಗೆ, ಹೀಗೆ ಮೆಟ್ಟಿಲು ಹತ್ತಿದಂತೆ ಹೋಗಿ ಆರನೆಯದು ಮೇಲಿನ ಪ್ಲಸ್‌ಗೆ ಸೇರುತ್ತದೆ. ಕೆಲವು ಬೋರ್ಡುಗಳಲ್ಲಿ ಮೊದಲನೆಯ ತಂತಿಯ ಕೆಲಸವನ್ನು ಬಿ ಮೈನಸ್‌ನ ದಪ್ಪ ತಂತಿಯೇ ಮಾಡುತ್ತದೆ. ಈ ತಂತಿಗಳನ್ನು ಪಟ್ಟಿಗೆ ಬೆಸೆಯುವಾಗ ಅವುಗಳ ಇನ್ನೊಂದು ತುದಿಯ ಕನೆಕ್ಟರ್ ಬೋರ್ಡಿನಲ್ಲಿ ಇರಬಾರದು. ಕನೆಕ್ಟರ್ ಹೊರಗೆ ತೂಗಾಡುತ್ತಿರಲಿ.

ಹಲವು ವರ್ಷಗಳ ಹಿಂದೆ ನಾನು ಮೂರನೆಯ ಮತ್ತು ನಾಲ್ಕನೆಯ ತಂತಿಗಳನ್ನು ಅದಲುಬದಲು ಮಾಡಿದ್ದೆ. ಎರಡೂ ಬಿಳಿ ಬಣ್ಣದವು, ರಾತ್ರಿ ಒಂಬತ್ತು ಗಂಟೆ, ಗಿರಾಕಿ ಎದುರಿಗೇ ಕೂತು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದರು. ಅಳೆಯದೆ ಕನೆಕ್ಟರ್ ಒತ್ತಿದೆ. ಟಪ್ ಎಂದು ಸಣ್ಣ ಸದ್ದು, ಸುಟ್ಟ ವಾಸನೆ. ಒಂದು ಜಾಗದಲ್ಲಿ ವೋಲ್ಟ್ ತಿರುಗುಮುರುಗಾಗಿ, ಅದರ ಎರಡೂ ಪಕ್ಕದಲ್ಲಿ ದುಪ್ಪಟ್ಟಾಗಿ ನುಗ್ಗಿ ಬೋರ್ಡಿನಲ್ಲಿ ಸೆಲ್ಲಿನ ವೋಲ್ಟ್ ನೋಡುವ ಚಿಪ್, ಅಂದರೆ ಕಾವಲು ಐಸಿ, ಸುಟ್ಟಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಆ ಬೋರ್ಡಿನ ಬಾಗಿಲು ತೆರೆದೇ ಉಳಿದಿತ್ತು, ಡ್ರಿಲ್ ಓಡುತ್ತಿತ್ತು. ಹೊಗೆ ಕಾಣದೇ ಹೋಗಿದ್ದರೆ ಸತ್ತ ಕಾವಲುಗಾರನ ಜೊತೆ ಪ್ಯಾಕನ್ನು ಕಳಿಸಿಬಿಡುತ್ತಿದ್ದೆ. ಅಂದಿನಿಂದ ಗಿರಾಕಿಗೆ ನಾಳೆ ಬನ್ನಿ ಎನ್ನಲು ನಾನು ಸಂಕೋಚಪಡುವುದಿಲ್ಲ.

ಅಳೆಯುವುದು ಹೀಗೆ. ಮೀಟರಿನ ಕಪ್ಪು ಕಡ್ಡಿ ಕೊನೆಯ ಮೈನಸ್ ಮೇಲೆ. ಕೆಂಪು ಕಡ್ಡಿ ಕನೆಕ್ಟರಿನ ಒಂದೊಂದೇ ರಂಧ್ರಕ್ಕೆ. ಒಂದೊಂದು ಸೆಲ್ 3.6 ಇದ್ದರೆ ಸೊನ್ನೆ, 3.6, 7.2, 10.8, 14.4, 18.0 ಎಂದು ಸಮನಾದ ಮೆಟ್ಟಿಲು ಬರಬೇಕು. ಒಂದು ಮೆಟ್ಟಿಲು ತಪ್ಪಿದರೂ ಕನೆಕ್ಟರ್ ಹಾಕುವಂತಿಲ್ಲ. ಕಡ್ಡಿಯ ತುದಿ ಪಕ್ಕದ ರಂಧ್ರಕ್ಕೆ ತಾಗಬಾರದು. ಈ ತಂತಿಗಳು ತೆಳು, ಆದರೆ ಅವುಗಳ ಹಿಂದೆ ಇಡೀ ಸೆಲ್ಲಿನ ಬಲವಿದೆ, ಶಾರ್ಟ್ ಆದರೆ ಕೆಂಪಗೆ ಕಾದು ಕೈ ಸುಡುತ್ತವೆ. ಕೈಯಲ್ಲಿ ಉಂಗುರ, ಕಡಗ, ಲೋಹದ ಗಡಿಯಾರ ಬೇಡ. ತಂತಿಗಳನ್ನು ಪಟ್ಟಿಯ ಅಂಚಿನ ಮೇಲೆ ಹಾಯಿಸದೆ, ಶಾಖ ತಡೆಯುವ ಹಳದಿ ಟೇಪಿನಿಂದ ಹಿಡಿದು ಕೂರಿಸಿ.

ಕನೆಕ್ಟರ್ ಹಾಕಿದ ಮೇಲೂ ಹೊರಬಾಯಿಯಲ್ಲಿ ಏನೂ ಬರದಿದ್ದರೆ ಗಾಬರಿಯಾಗಬೇಡಿ. ಅನೇಕ ಬೋರ್ಡುಗಳು ಮೊದಲ ಸಲ ಬಾಗಿಲು ಹಾಕಿಕೊಂಡೇ ಇರುತ್ತವೆ. ಚಾರ್ಜರ್ ಒಂದು ಕ್ಷಣ ತಾಗಿಸಿದರೆ ತೆರೆದುಕೊಳ್ಳುತ್ತವೆ. ಚಾರ್ಜರ್ 21 ವೋಲ್ಟಿನದೇ ಆಗಿರಬೇಕು, ತುಂಬಿದಂತೆ ಕರೆಂಟನ್ನು ತಾನೇ ಇಳಿಸುವಂಥದ್ದಾಗಿರಬೇಕು. ಬೋರ್ಡ್ ಇದೆಯಲ್ಲ ಎಂದು 24 ವೋಲ್ಟಿನ ಅಡಾಪ್ಟರ್ ಹಚ್ಚುವವರಿದ್ದಾರೆ. ಆಗ ಕೊನೆಯ ಬಾಗಿಲನ್ನೇ ದಿನವೂ ಹೆಬ್ಬಾಗಿಲಾಗಿ ಬಳಸಿದಂತಾಗುತ್ತದೆ. ಸೆಲ್ ಪ್ರತಿದಿನ 4.25ರವರೆಗೆ ಹೋಗುತ್ತದೆ, ಮಾಸ್‌ಫೆಟ್ ಒಂದು ದಿನ ಕೈಕೊಟ್ಟರೆ ಮುಂದೆ ತಡೆಯುವವರು ಯಾರೂ ಇಲ್ಲ.

ಮುಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಕಾಕಾ, ಸೆಲ್‌ಗಳನ್ನು ಸಮ ಮಾಡುವ ಬೋರ್ಡ್ ಹಾಕಿದರೆ ಈ ಬಡಿಗರ ಹಳೆಯ ಪ್ಯಾಕೇ ಸರಿಹೋಗುವುದಿಲ್ಲವೇ?" ಒಳ್ಳೆಯ ಪ್ರಶ್ನೆ, ಲೆಕ್ಕ ಹಾಕಿಯೇ ಉತ್ತರಿಸುತ್ತೇನೆ. ಸಮ ಮಾಡುವ ಬೋರ್ಡ್ ಮೇಲಿರುವ ಸೆಲ್ಲಿನಿಂದ ಒಂದು ಸಣ್ಣ ರೆಸಿಸ್ಟರ್ ಮೂಲಕ ಕರೆಂಟನ್ನು ಸೋರಿಸುತ್ತದೆ, ಅದೂ ಬಹುಪಾಲು 4.2ರ ಹತ್ತಿರ ಬಂದಾಗ ಮಾತ್ರ. ಸೋರಿಸುವುದು 50 ಮಿಲಿಆಂಪಿಯರಿನಷ್ಟು. ಅಂತರ 200 ಮಿಲಿಆಂಪಿಯರ್ ಗಂಟೆ ಇದ್ದರೆ ನಾಲ್ಕು ಗಂಟೆ ಬೇಕು. ಇಲ್ಲಿ ಅಂತರ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಮೇಲಾಗಿ ಐದನೆಯ ಜೋಡಿ ದಿನವೂ ಸೋರುತ್ತಿದೆ. ಹೊಸ ಸೆಲ್‌ಗಳ ನಡುವಿನ ಸಣ್ಣ ವ್ಯತ್ಯಾಸ ಬೆಳೆಯದಂತೆ ಬೋರ್ಡ್ ನೋಡಿಕೊಳ್ಳುತ್ತದೆ. ಕೆಟ್ಟ ಸೆಲ್ಲನ್ನು ಅದು ಒಳ್ಳೆಯದು ಮಾಡಲಾರದು. ಐದನೆಯ ಜೋಡಿಯನ್ನಷ್ಟೇ ಬದಲಿಸೋಣ ಎಂದರೂ ನಾನು ಒಪ್ಪುವುದಿಲ್ಲ. ಉಳಿದ ಎಂಟು ಸೆಲ್‌ಗಳು ತಿಂಗಳುಗಟ್ಟಲೆ 4.3 ವೋಲ್ಟ್ ಉಂಡಿವೆ. ಬಡಿಗರಿಗೆ ಹತ್ತೂ ಹೊಸ ಸೆಲ್ಲಿನ ಬೆಲೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಹಣದ ಭಾರ ನನಗೂ ಗೊತ್ತು. ಮೀಟರನ್ನು ಅವರ ಕೈಗೇ ಕೊಟ್ಟು ಐದೂ ಅಂಕಿಗಳನ್ನು ಅವರಿಂದಲೇ ಓದಿಸಿದೆ. ಅವರೇ ಆಗಲಿ ಎಂದರು.

ತೆಗೆದ ಸೆಲ್‌ಗಳು ಈ ಡಬ್ಬಿಯಲ್ಲಿವೆ, ಒಂದೊಂದರ ತುದಿಗೂ ಟೇಪ್ ಸುತ್ತಿದ್ದೇನೆ. ಇವನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಇವನ್ನು ಬೇರೆ ಕಸದಿಂದ ಪ್ರತ್ಯೇಕಿಸಿ ಸಂಗ್ರಹಕ್ಕೆ ಕೊಡಬೇಕು. ಕಾಗದ ಪ್ಲಾಸ್ಟಿಕ್ ನಡುವೆ ಒಂದು ಸೆಲ್ ಜಜ್ಜಿದರೆ ಸಾಕು, ಗಾಡಿಯೇ ಹೊತ್ತಿಕೊಳ್ಳುತ್ತದೆ. ಇನ್ನು ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು ಬೇಸಿಗೆಯಲ್ಲಿ ಪ್ಯಾಕನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ. ಕೆಲಸ ಮುಗಿಸಿದ ಬಿಸಿ ಪ್ಯಾಕನ್ನು ಆರಿಸಿದ ಮೇಲೆ ಚಾರ್ಜಿಗೆ ಹಾಕಿ. ಬಹಳ ದಿನ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ.

ಇನ್ನು ಉಳಿದದ್ದು ಈ ಹೊಸ ಪ್ಯಾಕಿಗೆ ಕನೆಕ್ಟರ್ ಹಾಕುವುದು. ಎಲೆಕ್ಟ್ರಿಷಿಯನ್ ವಿಭಾಗದ ಒಬ್ಬ ವಿದ್ಯಾರ್ಥಿನಿ ಮುಂದೆ ಬನ್ನಿ ಎಂದೆ. ಕಪ್ಪು ಕಡ್ಡಿಯನ್ನು ನಾನು ಹಿಡಿದೆ, ಕೆಂಪು ಕಡ್ಡಿ ಆಕೆಯ ಕೈಯಲ್ಲಿತ್ತು. ಆಕೆ ಗಟ್ಟಿಯಾಗಿ ಓದಿದಳು: ಸೊನ್ನೆ, 3.58, 7.16, 10.74, 14.32, 17.90. ಮೆಟ್ಟಿಲು ಸರಿಯಾಗಿತ್ತು. "ಹಾಕಲೇ?" ಎಂದು ಕೇಳಿದಳು. ಇನ್ನೊಂದು ಸಲ ಓದಮ್ಮಾ ಎಂದೆ. ಮತ್ತೆ ಅದೇ ಆರು ಅಂಕಿಗಳು ಬಂದವು. ಹಿಂದಿನ ಸಾಲಿನಲ್ಲಿ ಕೂತಿದ್ದ ಬಡಿಗರು ಎದ್ದು ಮೇಜಿನ ಹತ್ತಿರ ಬಂದು ನಿಂತರು. ಆಕೆ ಕನೆಕ್ಟರ್ ಒತ್ತಿದಳು.